10 ವರ್ಷದ ವಾರಂಟಿ ಯಾವುದಕ್ಕೆ?

ಪ್ರಶ್ನೆ: ನಾಲ್ಕು ವರ್ಷದ ಹಿಂದೆ ಫ್ರಿಜ್ ತಗೊಂಡೆವು. ಬಾಗಿಲ ಮೇಲೆ ‘10 ವರ್ಷ ವಾರಂಟಿ’ ಅಂತ ಸ್ಟಿಕ್ಕರ್ ಇದೆ. ಹೋದ ವಾರ ಕೂಲಿಂಗ್ ನಿಂತಿತು. ಕಂಪನಿಯವರು ಬಂದು, ಕಂಪ್ರೆಸರ್ ಹೋಗಿದೆ, ಅದು ಫ್ರೀ, ಆದರೆ ಗ್ಯಾಸು, ಕೂಲಿ ಸೇರಿ ನಾಲ್ಕು ಸಾವಿರದ ಮೇಲಾಗುತ್ತೆ ಅಂದರು. ಇದು ಮೋಸ ಅಲ್ವಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಆ ಸ್ಟಿಕ್ಕರನ್ನು ಇನ್ನೊಂದು ಸಲ ಹತ್ತಿರದಿಂದ ನೋಡಿ. 10ರ ಆಸುಪಾಸಲ್ಲೇ ಸಣ್ಣಕ್ಷರದಲ್ಲಿ ‘ಕಂಪ್ರೆಸರ್ ಮೇಲೆ’ ಅಂತ ಹೆಚ್ಚಾಗಿ ಇರುತ್ತದೆ. ಇಡೀ ಫ್ರಿಜ್‌ಗೆ ವಾರಂಟಿ ಸಾಮಾನ್ಯವಾಗಿ ಮೊದಲ ವರ್ಷ ಮಾತ್ರ. ಆಮೇಲೆ ಉಳಿಯುವುದು ಹಿಂದೆ ಕೆಳಗಡೆ ಕೂತಿರುವ ಆ ಕರಿ ಡಬ್ಬಿಗೆ, ಅಂದರೆ ಕಂಪ್ರೆಸರ್‌ಗೆ. ಅದನ್ನು ಬದಲಾಯಿಸಬೇಕಾದರೆ ಪೈಪ್ ಕತ್ತರಿಸಿ, ಹಳೇ ಗ್ಯಾಸ್ ತೆಗೆದು, ಹೊಸ ಫಿಲ್ಟರ್ ಹಾಕಿ, ವೆಲ್ಡಿಂಗ್ ಮಾಡಿ, ಮತ್ತೆ ಗ್ಯಾಸ್ ತುಂಬಬೇಕು. ಇದೆಲ್ಲದರ ಖರ್ಚು, ಜೊತೆಗೆ ವಿಸಿಟ್ ಚಾರ್ಜು, ಜಿಎಸ್‌ಟಿ, ಬಹಳಷ್ಟು ಕಂಪನಿಗಳ ವಾರಂಟಿ ಕಾರ್ಡಿನಲ್ಲಿ ಗಿರಾಕಿಯ ತಲೆ ಮೇಲೇ. ನನಗೇನೂ ಇದು ಸರಿ ಅನ್ನಿಸುವುದಿಲ್ಲ, ಆದರೆ ಬರೆದಿರುವುದು ಹಾಗೆ.

ಹಾಗಂತ ತಕ್ಷಣ ದುಡ್ಡು ಕೊಡಬೇಡಿ. ನಿಜಕ್ಕೂ ಕಂಪ್ರೆಸರೇ ಹೋಗಿದೆಯಾ? ಎಷ್ಟೋ ಸಲ ಕೆಟ್ಟಿರುವುದು ಅದರ ಪಕ್ಕದ ರಿಲೇ, ಅಂದರೆ ಕಂಪ್ರೆಸರನ್ನು ಚಾಲೂ ಮಾಡುವ ಸಣ್ಣ ಸ್ವಿಚ್ಚು, ಅದು ಅಗ್ಗದ ಸಾಮಾನು. ಟೆಸ್ಟ್ ಮಾಡಿ ತೋರಿಸಿ ಅನ್ನಿ. ಇನ್ವರ್ಟರ್ ಫ್ರಿಜ್ (ಕಂಪ್ರೆಸರ್ ವೇಗ ತಾನೇ ಹೆಚ್ಚುಕಡಿಮೆ ಮಾಡಿಕೊಳ್ಳುವಂಥದ್ದು) ಆದರೆ ಹಿಂಬದಿಯ ಎಲೆಕ್ಟ್ರಾನಿಕ್ ಬೋರ್ಡ್ ಸುಟ್ಟಿರಬಹುದು, ಅದಕ್ಕೆ ಕಂಪ್ರೆಸರ್ ವಾರಂಟಿ ತಗಲುವುದು ಕಷ್ಟ. ವೋಲ್ಟೇಜ್ ಏರುಪೇರು, ಇಲಿ ಕಡಿದ ವೈರು, ಇವೆರಡೂ ಮೊದಲ ವರ್ಷದಲ್ಲೂ ಸಾಮಾನ್ಯವಾಗಿ ವಾರಂಟಿಯಿಂದ ಹೊರಗೆ. ಯಾವುದಕ್ಕೆ ಎಷ್ಟು ಅಂತ ಬಿಡಿಬಿಡಿಯಾಗಿ ಬರೆಸಿಕೊಳ್ಳಿ, ಕಾರ್ಡಿನ ಜೊತೆ ತಾಳೆ ನೋಡಿ. ಪರಿಚಯದ ಮೆಕ್ಯಾನಿಕ್ ಕೈಲಿ ಸುಮ್ನೆ ಬಿಚ್ಚಿಸಿ ನೋಡುವುದು ಬೇಡ, ಆಮೇಲೆ ಕಂಪನಿಯವರು ಅದನ್ನೇ ನೆಪ ಮಾಡುತ್ತಾರೆ. ಫ್ರಿಜ್ ಕೊಂಡ ಬಿಲ್ಲಿನ ಅಕ್ಷರ ಅಳಿಸಿಹೋಗಿದ್ದರೆ ಅಂಗಡಿಯಲ್ಲಿ ಡೂಪ್ಲಿಕೇಟ್ ಕೇಳಿ.

ಕಾರ್ಡಿನಲ್ಲಿ ಇಲ್ಲದ ಚಾರ್ಜ್ ಹಾಕಿದ್ದರೆ, ಅಥವಾ ಸ್ಟಿಕ್ಕರ್‌ನಲ್ಲಿ ಕಂಪ್ರೆಸರ್ ಅನ್ನುವ ಮಾತೇ ಇಲ್ಲದಿದ್ದರೆ, ನಿಮ್ಮ ದೂರಿಗೆ ತೂಕ ಇದೆ. ಫೋಟೋ ತೆಗೆದಿಟ್ಟು ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಕಂಪನಿ ಎಲ್ಲೇ ಇರಲಿ, ನೀವು ದಾವಣಗೆರೆಯಲ್ಲೇ ದೂರು ಕೊಡಬಹುದು. ತಕರಾರು ಶುರುವಾಗಿ 2 ವರ್ಷದೊಳಗೆ ಕೊಡಬೇಕು, ಅಷ್ಟೇ. 5 ಲಕ್ಷದವರೆಗಿನ ವಸ್ತುವಿಗೆ ಶುಲ್ಕ ಇಲ್ಲ, ವಕೀಲರು ಬೇಕೇ ಬೇಕು ಅಂತಲೂ ಇಲ್ಲ.