ಹೊಸ್ತಿಲಲ್ಲೇ ಕೂತುಬಿಟ್ಟ ಮೋತಿ

ರಾಯಚೂರಿನ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರ ಅಣ್ಣನಿಗೆ ಕಣ್ಣು ಕಾಣುವುದಿಲ್ಲ. ದಾರಿ ತೋರಿಸಲು ತರಬೇತಾದ ಲ್ಯಾಬ್ರಡಾರ್ ನಾಯಿಯೊಂದು ಐದು ವರ್ಷದಿಂದ ಜೊತೆಗಿದೆ, ಹೆಸರು ಮೋತಿ. ಪತ್ರದ ಸಾರ ಇಷ್ಟು: "ಈ ಬೇಸಿಗೆಯಲ್ಲಿ ಮಧ್ಯಾಹ್ನ ಕರೆದರೆ ಮೋತಿ ಹೊಸ್ತಿಲಲ್ಲೇ ಕೂತುಬಿಡುತ್ತದೆ. ಸೋಮಾರಿಯಾಗಿದೆ ಅಂತ ಅಣ್ಣ ಬೈಯುತ್ತಾನೆ. ಓಣಿಯವರು ಮೂಕ ಪ್ರಾಣಿಯನ್ನು ಜೀತಕ್ಕೆ ಇಟ್ಟುಕೊಂಡಿದ್ದೀರಿ ಅನ್ನುತ್ತಾರೆ. ಯಾರ ಮಾತು ಖರೆ? ಅದಕ್ಕೀಗ ಏಳು ವರ್ಷ, ಮುಂದೆ ಏನು ಮಾಡಬೇಕು?"

ತಂಗೀ, ಮೋತಿ ಸೋಮಾರಿ ಅಲ್ಲ. ಮೇ ತಿಂಗಳ ಮಧ್ಯಾಹ್ನ ಎರಡಕ್ಕೆ ರಾಯಚೂರಿನಲ್ಲಿ ಹೊರಗೆ ಬರಲು ಒಲ್ಲೆ ಅನ್ನುವ ಪ್ರಾಣಿ ಜಾಣ ಪ್ರಾಣಿ. ಬಳ್ಳಾರಿಯಲ್ಲಿ ಕೂತು ಬರೆಯುತ್ತಿದ್ದೇನೆ, ಇಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ, ಹಾಗಾಗಿ ಈ ವಿಷಯದಲ್ಲಿ ನನ್ನ ಮಾತು ನಂಬಬಹುದು.

ನಮಗಾದರೆ ಮೈಯೆಲ್ಲ ಬೆವರುತ್ತದೆ. ನಾಯಿ ಬೆವರುವುದು ಅಂಗಾಲಿನಲ್ಲಿ, ಅದೂ ಚೂರೇ ಚೂರು. ಮೈ ತಣ್ಣಗೆ ಮಾಡಿಕೊಳ್ಳಲು ಅದಕ್ಕಿರುವ ದೊಡ್ಡ ದಾರಿ ಅಂದರೆ ನಾಲಗೆ ಹೊರಗೆ ಚಾಚಿ ತೇಕುವುದು. ಗಾಳಿಯೇ 42 ಡಿಗ್ರಿ ಇರುವಾಗ ತೇಕಿ ಏನು ಬಂತು? ನಾಯಿಯ ಮೈಬಿಸಿ ಸಾಮಾನ್ಯವಾಗಿ 38ರಿಂದ 39 ಡಿಗ್ರಿ, 41 ದಾಟಿದರೆ ಜೀವಕ್ಕೇ ಕುತ್ತು. ಅದರಲ್ಲೂ ಲ್ಯಾಬ್ರಡಾರ್‌ಗೆ ಎರಡು ಪದರ ಕೂದಲು. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡೆ, ಕೊರೆಯುವ ನೀರಿನಲ್ಲಿ ಮೀನುಗಾರರ ಜೊತೆ ಬೆಳೆದ ನಾಯಿಗಳ ವಂಶ ಅದು. ಕೃಷ್ಣೆ ತುಂಗಭದ್ರೆ ನಡುವಿನ ಬಿಸಿಲು ಅದರ ಮುತ್ತಜ್ಜನಿಗೂ ಗೊತ್ತಿರಲಿಲ್ಲ. (ಹಾಗಂತ ಕೂದಲು ಬೋಳಿಸಲು ಹೋಗಬೇಡಿ, ಬಿಸಿಲು ನೇರ ಚರ್ಮಕ್ಕೆ ಬಡಿಯುತ್ತದೆ.)

ಹೊರಡುವ ಮುಂಚೆ ಅಣ್ಣ ಬಾಗಿ, ಕೈಯ ಹಿಂಬದಿಯನ್ನು ಡಾಂಬರಿಗೆ ಒತ್ತಿ ಏಳರವರೆಗೆ ಎಣಿಸಲಿ. ಅಷ್ಟು ತಡೆಯಲು ಆಗದಿದ್ದರೆ ಮೋತಿಯ ಪಾದಕ್ಕೂ ಆಗುವುದಿಲ್ಲ. ಮೊನ್ನೆ ನಮ್ಮ ಆಫೀಸಿನ ಮುಂದೆ ನಾನೂ ಎಣಿಸಿ ನೋಡಿದೆ, ಮೂರಕ್ಕೇ ಕೈ ಎತ್ತಿಬಿಟ್ಟೆ. ಎದುರಿನ ಚಹಾ ಅಂಗಡಿಯವನು "ರೊಕ್ಕ ಬಿದ್ದೈತೇನ್ರಿ ಸರ?" ಅಂತ ಕೇಳಿದ.

ನಗು ಬರುತ್ತದೆ, ಆದರೆ ಈ ಬುದ್ಧಿ ನನಗೆ ಬಂದದ್ದು ತಡವಾಗಿ. ಕೆಲವು ವರ್ಷದ ಹಿಂದೆ ಮನೆ ನಾಯಿಯನ್ನು ಹನ್ನೊಂದು ಗಂಟೆ ಬಿಸಿಲಲ್ಲಿ ಸುಮ್ನೆ ನಡೆಸಿಕೊಂಡು ಹೋಗಿದ್ದೆ. ಅರ್ಧ ದಾರಿಯಲ್ಲಿ ಅದರ ಕಾಲು ತಡವರಿಸಿತು, ಜೊಲ್ಲು ಗಟ್ಟಿಯಾಗಿ ದಾರದ ಹಾಗೆ ಇಳಿಯಿತು, ಒಸಡು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಯಾರದೋ ಮನೆಯ ನಲ್ಲಿ ನೀರು ಮೈತುಂಬ ಸುರಿದು, ಚೀಲದಲ್ಲಿದ್ದ ನಮ್ಮದೇ ಪತ್ರಿಕೆಯಿಂದ ಗಾಳಿ ಬೀಸಿ, ಆಮೇಲೆ ಪಶು ಆಸ್ಪತ್ರೆಗೆ ಓಡಿದೆ. ಉಳಿಯಿತು. ಹೊರಡುವಾಗ ಅದೂ ಗೇಟಿನ ಹತ್ತಿರ ಕೂತಿತ್ತು, ನಾನೇ ಹಗ್ಗ ಜಗ್ಗಿದ್ದೆ.

ಇನ್ನೊಂದು ಮಾತು. ಇಂಥ ನಾಯಿಗೆ ಕಲಿಸುವ ಪಾಠಗಳಲ್ಲಿ ಕಷ್ಟದ್ದು ಮಾತು ಕೇಳುವುದಲ್ಲ, ಮಾತು ಮೀರುವುದು. ಅಣ್ಣ "ನಡಿ" ಅಂದರೂ ಎದುರಿಗೆ ಲಾರಿ ಬರುತ್ತಿದ್ದರೆ, ಚರಂಡಿ ಬಾಯಿ ತೆರೆದಿದ್ದರೆ ಅದು ಕದಲಬಾರದು. ಐದು ವರ್ಷದಿಂದ ಅಣ್ಣ ನಂಬಿಕೊಂಡಿರುವುದು ಆ "ಒಲ್ಲೆ"ಯನ್ನೇ ಅಲ್ವಾ? ರಸ್ತೆಯಲ್ಲಿ ಅಣ್ಣನಿಗಾಗಿ ಒಲ್ಲೆ ಅಂದರೆ ಶಾಣ್ಯಾ, ಹೊಸ್ತಿಲಲ್ಲಿ ತನಗಾಗಿ ಒಲ್ಲೆ ಅಂದರೆ ಸೋಮಾರಿ, ಇದು ಯಾವ ನ್ಯಾಯ? ಬೈದು ಬೈದು ಅದನ್ನು ಬಿಡಿಸಿದರೆ ನಾಳೆ ಲಾರಿ ಬಂದಾಗಲೂ ಮೋತಿ ಬಾಯಿ ಮುಚ್ಚಿಕೊಂಡು ನಡೆದುಬಿಟ್ಟೀತು ಅಂತ ನನಗೆ ಭಯ.

ಅಣ್ಣನ ಸಿಟ್ಟು ನಾಯಿ ಮೇಲಲ್ಲ ಅನ್ನಿಸುತ್ತದೆ. ಮತ್ತೆ ಯಾರನ್ನೋ "ಸ್ವಲ್ಪ ಕೈ ಹಿಡೀರಿ" ಅಂತ ಕೇಳಬೇಕಲ್ಲ, ಆ ಸಂಕಟ. ಮಧ್ಯಾಹ್ನದ ಕೆಲಸಕ್ಕೆ ಬಿಳಿ ಕೋಲು, ಆಟೋ, ಇಲ್ಲವೇ ನೀವು. ಅವರು ಕೇಳುವ ಮುಂಚೆ ನೀವೇ ಚಪ್ಪಲಿ ಹಾಕಿಕೊಂಡು ನಿಂತರೆ ಅರ್ಧ ಸಿಟ್ಟು ಇಳಿಯುತ್ತದೆ.

ಒಂದು ವೇಳೆ ಬೆಳಗಿನ ತಂಪಿನಲ್ಲೂ ಮೋತಿ ಏಳಲು ಒಲ್ಲದಿದ್ದರೆ ಮಾತ್ರ ಬಿಸಿಲಿನ ಮೇಲೆ ಹಾಕಿ ಕೂರಬೇಡಿ. ಕಿವಿ ಒಳಗೆ, ಬೆರಳ ಸಂದಿಯಲ್ಲಿ ಉಣ್ಣೆ ಇದೆಯಾ ನೋಡಿ, ಉಣ್ಣೆಯಿಂದ ಬರುವ ಜ್ವರ ನಮ್ಮ ಕಡೆ ನಾಯಿಗಳಿಗೆ ಜಾಸ್ತಿ. ಈ ತಳಿಗೆ ಸೊಂಟದ ಕೀಲಿನ ತೊಂದರೆಯೂ ಉಂಟು. ಡಾಕ್ಟರಿಗೆ ತೋರಿಸಿ.

ಇನ್ನು ಓಣಿಯವರ ಜೀತದ ಮಾತು. ನಾಯಿಗಳಿಗೆ ಈ ಕೆಲಸ ಕಲಿಸುವ ಮೊದಲ ಶಾಲೆ ಶುರುವಾದದ್ದು 1916ರಲ್ಲಿ, ಜರ್ಮನಿಯ ಓಲ್ಡೆನ್‌ಬರ್ಗ್‌ನಲ್ಲಿ, ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ. ನೂರು ವರ್ಷದಿಂದ ನಡೆದಿದೆ ಅಂದಮಾತ್ರಕ್ಕೆ ಸರಿ ಅಂತಲ್ಲ, ಜೀತ ಅದಕ್ಕಿಂತ ಎಷ್ಟೋ ಹಳೆಯದು, ಅದನ್ನು ರದ್ದು ಮಾಡುವ ಕಾನೂನು ಬಂದದ್ದು 1976ರಲ್ಲಿ. ಆದರೆ ಜೀತದಾಳಿಗೆ ಒಲ್ಲೆ ಅನ್ನುವ ಬಾಯಿ ಇರಲಿಲ್ಲ. ಮೋತಿಗೆ ಇದೆ, ನೀವು ಕೇಳಿಸಿಕೊಂಡರೆ. ಬೆಳಿಗ್ಗೆ ಕೆಲಸಕ್ಕೆ ಹೊರಡಲು ಮೋತಿಯ ಮೈಗೆ ಕಟ್ಟುವ ಪಟ್ಟಿ ಕೈಗೆತ್ತಿಕೊಂಡಾಗ ಬಾಲ ಆಡಿಸುತ್ತಾ ಬರುತ್ತದೋ, ಅಥವಾ ಬಾಲ ಮುದುರಿ, ತುಟಿ ನೆಕ್ಕುತ್ತಾ ಮಂಚದ ಕೆಳಗೆ ಸರಿಯುತ್ತದೋ? ಓಣಿಯವರಿಗೆ ಕೊಡಬೇಕಾದ ಉತ್ತರ ಅಲ್ಲಿದೆ, ನನ್ನ ಹತ್ತಿರ ಇಲ್ಲ.

ಹಾಗೆಯೇ ಅವರ ಕರುಣೆ ಮಿರ್ಚಿ, ಮಂಡಾಳ ವಗ್ಗರಣಿ ರೂಪದಲ್ಲಿ ಬರುತ್ತಿದ್ದರೆ ಕೈಮುಗಿದು ಬೇಡ ಅನ್ನಿ. ಉಳ್ಳಾಗಡ್ಡಿ, ದ್ರಾಕ್ಷಿ ನಾಯಿಗೆ ವಿಷ. ಕೇಂಬ್ರಿಜ್ ವಿಶ್ವವಿದ್ಯಾಲಯದವರ 2016ರ ಅಧ್ಯಯನದಲ್ಲಿ ಸುಮಾರು ಕಾಲುಭಾಗ ಲ್ಯಾಬ್ರಡಾರ್‌ಗಳಿಗೆ ತಿನ್ನುವ ಆಸೆ ಹೆಚ್ಚಿಸುವ ಜೀನ್ ದೋಷ ಕಂಡಿತ್ತು, ನೆರವಿಗೆ ಆಯ್ದ ನಾಯಿಗಳಲ್ಲಿ ಮುಕ್ಕಾಲು ಭಾಗಕ್ಕೆ! ತಿಂಡಿ ಆಸೆಗೆ ಬೇಗ ಕಲಿಯುತ್ತವೆ ಅಂತಲೇ ಅವು ಆಯ್ಕೆಯಾಗುತ್ತವೋ ಏನೋ. ಅಂತೂ ಮೋತಿ ಹಸಿದ ಕಣ್ಣು ಮಾಡಿದ್ದಕ್ಕೆಲ್ಲ ಕರಗಬೇಡಿ, ತೂಕ ಏರಿದರೆ ಕೀಲಿಗೂ ಕಷ್ಟ, ಬಿಸಿಲೂ ತಡೆಯುವುದಿಲ್ಲ.

ಏಳು ವರ್ಷ ಅಂದಿರಿ. ಸಾಮಾನ್ಯವಾಗಿ ಎಂಟರಿಂದ ಹತ್ತರೊಳಗೆ ಇವಕ್ಕೆ ಕೆಲಸ ಬಿಡಿಸುತ್ತಾರೆ. ತರಬೇತಿ ಕೊಟ್ಟವರಿಗೆ ಈಗಲೇ ಬರೆದು ಕೇಳಿ, ಇನ್ನೊಂದು ನಾಯಿ ಸಿಗಲು ಕಾಯಬೇಕಾಗುತ್ತದೆ. ಮೋತಿಯನ್ನು ಮನೆಯಲ್ಲೇ ಇಟ್ಟುಕೊಳ್ಳುವುದಾದರೆ ಒಂದು ಕೆಲಸ ನಿಮ್ಮದು: ಹೊಸ ನಾಯಿ ಪಟ್ಟಿ ಕಟ್ಟಿಕೊಂಡು ಅಣ್ಣನ ಜೊತೆ ಹೊರಡುವ ಹೊತ್ತಿಗೆ ಇದನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಚೆಂಡೋ ರೊಟ್ಟಿ ಚೂರೋ ಏನಾದರೂ ಕೊಟ್ಟು ಜೊತೆಗೆ ಕೂತಿರಿ.

ಸದ್ಯಕ್ಕೆ ಬೆಳಿಗ್ಗೆ ಏಳರೊಳಗೆ, ಸಂಜೆ ಆರೂವರೆ ಮೇಲೆ, ಅದೂ ಡಾಂಬರು ಮುಟ್ಟಿ ನೋಡಿಯೇ ಹೊರಡಲಿ, ನೀರಿನ ಬಾಟಲಿ ಮತ್ತು ಒಂದು ಬಟ್ಟಲು ಅಣ್ಣನ ಚೀಲದಲ್ಲಿರಲಿ. ಆ ಪಟ್ಟಿ ವಿಷಯ ಮರೆಯದೆ ಬರೆಯಿರಿ, ಬಾಲದ ಸಮೇತ.

– ಸಂ.