ಮಗು ನೋಡಿಕೊಳ್ಳುವ ಮಗ, ಆಡಿಕೊಳ್ಳುವ ನೆಂಟರು

ಪ್ರಶ್ನೆ: ಬ್ಯಾಂಕ್ ಅಧಿಕಾರಿಯಾದ ಸೊಸೆಗೆ ಬಡ್ತಿಯ ಜೊತೆ ವರ್ಗಾವಣೆಯಾದಾಗ, ಮಗ ಕೆಲಸ ಬಿಟ್ಟು ಎರಡು ವರ್ಷದ ಮಗುವನ್ನು ನೋಡಿಕೊಂಡು ಮನೆಯಲ್ಲಿದ್ದಾನೆ. ನೆಂಟರು ‘ಅಮ್ಮಾವ್ರ ಗಂಡ’ ಎಂದು ಆಡಿಕೊಳ್ಳುತ್ತಾರೆ. ಮದುವೆ ಮನೆಗಳಲ್ಲಿ ಕೇಳಿದವರಿಗೆ ನಾನು ‘ವರ್ಕ್ ಫ್ರಂ ಹೋಮ್’ ಎಂದು ಸುಳ್ಳು ಹೇಳುತ್ತೇನೆ. ಬಂದವರೆದುರು ಅವನು ಕಾಫಿ ತಂದರೆ ಎದ್ದು ತಟ್ಟೆ ಇಸಿದುಕೊಳ್ಳುತ್ತೇನೆ. ದುಡಿಯುವ ಹೆಣ್ಣನ್ನು ಹೊಗಳುವ ಜನ, ಮನೆ ನೋಡಿಕೊಳ್ಳುವ ಗಂಡನ್ನು ಏಕೆ ಹೀಗಳೆಯುತ್ತಾರೆ?
– ಹೆಸರು ಬೇಡ, ದಾವಣಗೆರೆ

ಉತ್ತರ: ನೀವು ಗುರುತಿಸಿದ ವ್ಯತ್ಯಾಸ ನಿಜ, ಆದರೆ ಹೆಣ್ಣಿಗೆ ಸಿಗುವ ಹೊಗಳಿಕೆಯೂ ಅಷ್ಟು ನಿರ್ಮಲವಾದದ್ದಲ್ಲ. ಸಂಬಳ ತರುವ ಕೆಲಸ ಮೇಲು, ಅಡುಗೆ ಮತ್ತು ಮಗುವಿನ ಆರೈಕೆ ಕೀಳು ಎಂಬ ಲೆಕ್ಕ ಮನಸ್ಸಿನಲ್ಲಿ ಕೂತಿರುವವರೆಗೆ, ದುಡಿಯಲು ಹೊರಟ ಹೆಣ್ಣು ಮೆಟ್ಟಿಲೇರಿದಂತೆಯೂ ಮನೆಗೆಲಸಕ್ಕೆ ನಿಂತ ಗಂಡು ಮೆಟ್ಟಿಲಿಳಿದಂತೆಯೂ ಕಾಣುತ್ತದೆ. ಏರಿದವಳಿಗೂ ಮನೆ ಕೆಡಬಾರದೆಂಬ ಷರತ್ತಿದೆ. ಮಗುವಿಗೆ ನೆಗಡಿಯಾದರೆ ನೆಂಟರು ದೂರುವುದು ಮನೆಯಲ್ಲೇ ಇರುವ ತಂದೆಯನ್ನೋ, ಕಚೇರಿಯಲ್ಲಿರುವ ತಾಯಿಯನ್ನೋ, ಗಮನಿಸಿ ನೋಡಿ.

2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕಿದ ಗಂಡಸರು ನೂರಕ್ಕೆ 26 ಮಂದಿ, ಹೆಂಗಸರು 81 ಮಂದಿ; ಹಾಗೆ ಮಾಡಿದವರಲ್ಲೂ ಹೆಂಗಸರು ದಿನಕ್ಕೆ 299 ನಿಮಿಷ ದುಡಿದರೆ ಗಂಡಸರದು 97 ನಿಮಿಷ. ಇಂಥ ಕಡೆ ನಿಮ್ಮ ಮಗ ಕಣ್ಣಿಗೆ ಬೀಳದೆ ಇರುವುದಾದರೂ ಹೇಗೆ? ಸರ್ಕಾರದ ಎಣಿಕೆಯೂ ಇದಕ್ಕಿಂತ ಬಹಳ ದೂರವಿಲ್ಲ. ಕೇಂದ್ರ ಸರ್ಕಾರಿ ನೌಕರಿಯಲ್ಲಿ ತಂದೆಗೆ ಪಿತೃತ್ವ ರಜೆ 15 ದಿನ. 730 ದಿನಗಳ ಮಕ್ಕಳ ಆರೈಕೆ ರಜೆ ಮಹಿಳೆಯರಿಗುಂಟು, ಪುರುಷರಲ್ಲಿ ಒಂಟಿ ತಂದೆಯರಿಗಷ್ಟೇ. ಹೆಂಡತಿ ಇರುವವನು ಮಗು ನೋಡಿಕೊಳ್ಳಲು ರಜೆ ಕೇಳಿಯಾನೆಂದು ಆ ನಿಯಮ ಬರೆದವರಿಗೂ ತೋಚಲಿಲ್ಲವೇನೋ.

ರಂಗದ ಮೇಲಾದರೆ ಇದೇ ಜನ ಉದಾರಿಗಳು. 1958ರಲ್ಲಿ ಮಹಿಳೆಯರದೇ ನಾಟಕ ಮಂಡಳಿ ಕಟ್ಟಿದ ಆರ್. ನಾಗರತ್ನಮ್ಮನವರು ಕಂಸನ ಪಾತ್ರದಲ್ಲಿ ಚಪ್ಪಾಳೆ ಗಿಟ್ಟಿಸಿದರು. ಯಕ್ಷಗಾನದ ಸ್ತ್ರೀವೇಷಧಾರಿಗಳಿಗೂ ಅಭಿಮಾನಿಗಳಿಗೆ ಬರವಿಲ್ಲ. ಬಣ್ಣ ತೊಳೆದ ಮೇಲೆ ಎಲ್ಲರೂ ತಂತಮ್ಮ ಜಾಗಕ್ಕೆ ಮರಳುತ್ತಾರೆಂಬ ಭರವಸೆಯಿಂದಲೇ ಆ ಮೆಚ್ಚುಗೆ ಸಲೀಸಾಗಿ ಬರುತ್ತದೆಂದು ನನಗನ್ನಿಸುತ್ತದೆ. ನಿಮ್ಮ ಮಗ ಬೆಳಗಾದರೆ ಮತ್ತೆ ಅದೇ ಕೆಲಸಕ್ಕೆ ನಿಲ್ಲುತ್ತಾನೆ, ನೆಂಟರಿಗೆ ಕಿರಿಕಿರಿ ಅದರಿಂದ.

ಒಂದು ಮಾತು ನಿಮಗೂ ಹೇಳಬೇಕು. ಬಂದವರೆದುರು ನೀವು ತಟ್ಟೆ ಇಸಿದುಕೊಂಡರೆ, ಅವನು ಮಾಡುತ್ತಿರುವುದು ಮುಚ್ಚಿಡಬೇಕಾದ ಕೆಲಸವೆಂದು ನೀವೇ ಒಪ್ಪಿದಂತಾಗುತ್ತದೆ. ಮುಂದಿನ ಮಾತು ಆಡಲು ನೆಂಟರಿಗೆ ಅಷ್ಟು ಸಾಕು. ಯಾರಾದರೂ ಕೇಳಿದರೆ ‘ಮಗು ನೋಡಿಕೊಳ್ಳುತ್ತಿದ್ದಾನೆ’ ಎಂದು ಹೇಳಿ, ಕಾರಣ ಕೊಡಲು ಹೋಗಬೇಡಿ. ನಿಜಕ್ಕೂ ಚಿಂತಿಸಬೇಕಾದದ್ದು ಹಣದ ವಿಷಯ. ಸಂಬಳವಿಲ್ಲದ ಈ ವರ್ಷಗಳಲ್ಲಿ ಅವನ ಭವಿಷ್ಯನಿಧಿಗೆ ಹಣ ಸೇರುವುದಿಲ್ಲ, ಮತ್ತೆ ಕೆಲಸ ಹುಡುಕುವಾಗ ಈ ಬಿಡುವಿನ ಬಗ್ಗೆ ಪ್ರಶ್ನೆಗಳು ಏಳುತ್ತವೆ. ಸೊಸೆಯ ಸಂಬಳದಿಂದ ಪ್ರತಿ ತಿಂಗಳು ಅವನ ಹೆಸರಿಗೂ ಒಂದಿಷ್ಟು ಉಳಿತಾಯವಾಗುವಂತೆ, ಮಗು ಶಾಲೆಗೆ ಸೇರುವ ಮುನ್ನವೇ ಇಬ್ಬರೂ ಕೂತು ಮಾತಾಡಿಕೊಳ್ಳಲಿ.