ಓಹಾಯೊಗೆ ಬಂದ ಮೂಡಿಗೆರೆಯ ತಂಗಿಗೆ

ತಂಗಿ,

ನಿನ್ನ ಪತ್ರದಲ್ಲಿ ಪ್ರಶ್ನೆಗಳು ಹಲವಿದ್ದರೂ ನಿಜವಾಗಿ ನಿನ್ನನ್ನು ಕಾಡುತ್ತಿರುವುದು ಒಂದೇ. ಅದನ್ನೂ ಕಟ್ಟಕಡೆಗೆ, ನಾಚಿಕೊಂಡು ಕೇಳಿದ್ದೀಯ: "ಅಕ್ಕ, ಪ್ರೊಫೆಸರ್ ಮಾಡುವ ಪಾಠ ಪೂರ್ತಿ ತಿಳಿಯುತ್ತದೆ. ಕಾಫಿ ಅಂಗಡಿಯ ಹುಡುಗ ಹೇಳುವ ಒಂದು ವಾಕ್ಯ ತಿಳಿಯುವುದಿಲ್ಲ. ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮದಲ್ಲೇ ಓದಿದವಳು ನಾನು. ಆಫ್, ಟು, ಕ್ಯಾನ್, ಇಂಥ ಚಿಕ್ಕ ಪದಗಳಲ್ಲಿ ಎಡವುವುದು ಯಾಕೆ?"

ಉಳಿದವನ್ನು ಮೊದಲು ಮುಗಿಸಿಬಿಡುತ್ತೇನೆ. ಚಳಿಗಾಲದ ಕೋಟನ್ನು ಊರಿನಿಂದ ತರಿಸಬೇಡ. ಅಲ್ಲಿ ಸಿಗುವುದು ಬಾಬಾಬುಡನ್‌ಗಿರಿಯ ಚಳಿಗೆ ಸಾಕು, ಇಲ್ಲಿಯ ಜನವರಿಗೆ ಸಾಲದು. ಕೋಣೆಯ ಕರಾರಿಗೆ ಸಹಿ ಹಾಕುವ ಮುನ್ನ ಹೀಟಿಂಗ್ ಖರ್ಚು ಬಾಡಿಗೆಯಲ್ಲಿ ಸೇರಿದೆಯೇ ಎಂದು ಕೇಳು. ಕುಕ್ಕರ್ ತಂದಿದ್ದೀಯ, ಒಳ್ಳೆಯದು. ಮನೆಯ ನೆನಪು ಯಾವಾಗ ಕಡಿಮೆಯಾಗುತ್ತದೆ ಎಂದು ಕೇಳಿದ್ದೀಯಲ್ಲ, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಇನ್ನು ಕಾಫಿ ಅಂಗಡಿ. ನಾನು ಮಿಷಿಗನ್ನಿಗೆ ಬಂದಿಳಿದ ದಿನ ಡೆಟ್ರಾಯಿಟ್ ವಿಮಾನ ನಿಲ್ದಾಣದಲ್ಲಿ ಕಾಫಿ ಕೇಳಿದೆ. ಕೌಂಟರಿನ ಹುಡುಗಿ "ಫ್ರಿಯರ್ ತಗೋ" ಎಂದಳು. ಕೊನೆಯ ತುಂಡು ನಮ್ಮ ಕನ್ನಡದ ಹಾಗೆಯೇ ಕೇಳಿಸಿತು; ತೆಗೆದುಕೊಳ್ಳಲು ಕೈಯನ್ನೂ ಚಾಚಿದೆ. ಅವಳು ಕೇಳಿದ್ದು "ಫಾರ್ ಹಿಯರ್ ಆರ್ ಟು ಗೋ", ಇಲ್ಲೇ ಕುಡಿಯುತ್ತೀರೋ ಕಟ್ಟಿಸಿಕೊಂಡು ಹೋಗುತ್ತೀರೋ ಎಂದು. ಅಪ್ಪ ಹಾನಬಾಳಿನ ಕಡೆಯ ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದವರು. ಪಲ್ಪರ್, ಪಾರ್ಚ್‌ಮೆಂಟ್, ಚೆರ್ರಿ ಎಂಬ ಪದಗಳ ನಡುವೆಯೇ ಬೆಳೆದವಳು ಒಂದು ಲೋಟ ಕಾಫಿ ಪಡೆಯಲಾರದೆ ನಿಂತಿದ್ದೆ. ಆ ವಾಕ್ಯದಲ್ಲಿ ನನಗೆ ಗೊತ್ತಿಲ್ಲದ ಪದ ಒಂದೂ ಇರಲಿಲ್ಲ.

ನಮ್ಮ ಕಡೆ ಸ್ಪಷ್ಟವಾಗಿ ಓದುವುದು ಎಂದರೆ ಪ್ರತಿ ಅಕ್ಷರಕ್ಕೂ ಅದರ ಪಾಲನ್ನು ಕೊಡುವುದು. ಬೆಳಗಿನ ಪ್ರಾರ್ಥನೆಯಲ್ಲಿ ವಾರ್ತೆ ಓದುವವರು ಒಂದಕ್ಷರ ನುಂಗಿದರೆ ಮೇಷ್ಟ್ರು "ಬಾಯಲ್ಲಿ ಏನಿಟ್ಟುಕೊಂಡಿದ್ದೀಯ" ಎನ್ನುತ್ತಿದ್ದರಲ್ಲ, ನಿಮ್ಮ ಶಾಲೆಯಲ್ಲೂ ಹಾಗೆಯೇ ಇರಬೇಕು. ಛಂದಸ್ಸಿನ ಪಾಠದಲ್ಲಿ ಪ್ರಸ್ತಾರ ಹಾಕಿದ್ದೀಯ: ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮಾತ್ರೆಯೇ ಸಿಗದ ಅಕ್ಷರ ಕನ್ನಡದಲ್ಲಿ ಇಲ್ಲ. ಇಂಗ್ಲಿಷಿನ ಲೆಕ್ಕ ಬೇರೆ. ಅಲ್ಲಿ ಹೊತ್ತೆಲ್ಲ ಒತ್ತು ಬೀಳುವ ಪದಗಳಿಗೆ ಹೋಗುತ್ತದೆ. ಮಳೆಗಾಲ ಕಳೆದ ಮೇಲೆ ಹಳ್ಳ ದಾಟುವಾಗ ಬಂಡೆಯಿಂದ ಬಂಡೆಗೆ ಕಾಲಿಡುತ್ತೇವೆಯೇ ಹೊರತು ನಡುವಿನ ನೀರಿಗಲ್ಲ. ಇವರೂ ಹಾಗೆಯೇ ಮಾತನಾಡುತ್ತಾರೆ. ನೀನು ನೀರಿಗೂ ಕಾಲಿಟ್ಟು ಬರುತ್ತೀಯ, ಆಗ ಯಾವುದು ಬಂಡೆ ಎಂಬುದು ಕೇಳುವವರಿಗೆ ತಿಳಿಯುವುದಿಲ್ಲ.

ಚಿಕ್ಕ ಪದಗಳ ಸ್ವರ ಬಣ್ಣ ಕಳೆದುಕೊಂಡು ಏನಾಗುತ್ತದೆಯೋ ಅದಕ್ಕೆ ಭಾಷಾವಿಜ್ಞಾನದಲ್ಲಿ ಶ್ವಾ ಎಂದು ಹೆಸರು. ಹೀಬ್ರೂ ಬರವಣಿಗೆಯಿಂದ ಬಂದ ಹೆಸರು ಅದು. ನಿಘಂಟುಗಳಲ್ಲಿ ತಲೆಕೆಳಗಾದ ಇಂಗ್ಲಿಷ್ ಇ ಅಕ್ಷರವಾಗಿ ಅಚ್ಚಾಗಿರುತ್ತದೆ. ಇಂಗ್ಲಿಷ್ ಮಾತಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬಾರಿ ಬರುವ ಸ್ವರ ಅದೇ, ಆದರೆ 26 ಅಕ್ಷರಗಳಲ್ಲಿ ಅದಕ್ಕೆಂದೇ ಒಂದು ಅಕ್ಷರವಿಲ್ಲ. ಹೀಗಾಗಿ ಪುಸ್ತಕ ನೋಡಿ ಕಲಿತವರಿಗೆ ಅದು ಸಿಗುವುದೇ ಇಲ್ಲ. ನಮ್ಮ "ಅ" ಅದಕ್ಕೆ ಸಾಕಷ್ಟು ಹತ್ತಿರದ್ದು, ಬಾಯನ್ನು ಅರ್ಧ ತೆರೆದು ಅವಸರದಲ್ಲಿ ಹೇಳಿದರೆ. ಇದು ನಮ್ಮ ಬಾಯಿಗೆ ಒಗ್ಗದ್ದು ಎಂದು ತಿಳಿಯಬೇಡ. ಸಕಲೇಶಪುರದಲ್ಲಾಗಲಿ ಮೂಡಿಗೆರೆಯಲ್ಲಾಗಲಿ ಮಾತಿನಲ್ಲಿ "ಕೆಲಸ" ಎಂದು ಮೂರಕ್ಷರ ಬಿಡಿಸಿ ಹೇಳುವವರು ಯಾರು? ಕೆಲ್ಸ, ಹೆಸ್ರು ಎಂದೇ ಹೇಳುತ್ತೇವೆ. ನುಂಗುವುದು ನಮಗೂ ಬರುತ್ತದೆ. ಇಂಗ್ಲಿಷಿಗೆ ಬಂದೊಡನೆ ಮೈಮೇಲೆ ಇಸ್ತ್ರಿ ಹಾಕಿದ ಅಂಗಿ ಬೀಳುತ್ತದೆ, ಅಷ್ಟೆ.

"ಟು" ಬಹುಪಾಲು "ಟ" ಆಗುತ್ತದೆ. "ಆ್ಯಂಡ್" ಬರಿಯ "ನ್". "ಟೆಲ್ ಹಿಮ್" ಎಂಬಲ್ಲಿ ಹಕಾರ ಬಿದ್ದುಹೋಗಿ "ಟೆಲಿಮ್" ಎಂದು ಕೇಳಿಸುತ್ತದೆ, ಯಾರಪ್ಪ ಈ ಟೆಲಿಮ್ ಎಂದು ನಾನು ಯೋಚಿಸಿದ್ದುಂಟು. "ಗೆಟ್ ಇಟ್" ಎನ್ನುವಾಗ ನಡುವಿನ ಟಕಾರ ಅಮೆರಿಕನ್ನರ ಬಾಯಲ್ಲಿ ಡಕಾರದ ಹತ್ತಿರ ಹೋಗುತ್ತದೆ. "ದಿ" ಎಂದು ನಾವು ಎಲ್ಲ ಕಡೆಯೂ ಹೇಳುತ್ತೇವೆ. ಮುಂದಿನ ಪದ ಸ್ವರದಿಂದ ಶುರುವಾದರೆ ಮಾತ್ರ ಅದು ಸರಿ, ವ್ಯಂಜನದ ಮುಂದೆ ಅದು "ದ". ಇವೆಲ್ಲ ತಪ್ಪಿದರೂ ಪ್ರಳಯವಾಗುವುದಿಲ್ಲ.

"ಆಫ್" ಸ್ವಲ್ಪ ಕಾಡುತ್ತದೆ. ಓ, ಎಫ್ ಎಂದು ಎರಡಕ್ಷರದಲ್ಲಿ ಬರೆಯುವ ಪದದ ಕೊನೆಯ ಸದ್ದು ಫಕಾರವಲ್ಲ, ವಕಾರ: "ಅವ್". ಎರಡು ಎಫ್ ಇರುವುದು ಮಾತ್ರ "ಆಫ್". ನಾವು ಎರಡನ್ನೂ ಒಂದೇ ಮಾಡಿಬಿಡುತ್ತೇವೆ. ನೂರರಲ್ಲಿ ಹತ್ತು ಪಾಲು ಎನ್ನಲು ಹೋಗಿ ಶೇಕಡ 10 ರಿಯಾಯಿತಿ ಎಂದಂತಾಗುತ್ತದೆ. ಅಂಕಿ ಅಂಶ ಇರುವ ಮಂಡನೆಯಲ್ಲಿ ಇದನ್ನು ಗಮನದಲ್ಲಿ ಇಟ್ಟುಕೋ.

ನನ್ನನ್ನು ನಿಜವಾಗಿ ಸುಟ್ಟದ್ದು "ಕ್ಯಾನ್".

ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದೆ. ಶನಿವಾರದ ಪಾಳಿಗೆ ಹೆಚ್ಚು ಸಂಬಳ, ಎಲ್ಲರಿಗೂ ಅದು ಬೇಕು. ಮೇಲ್ವಿಚಾರಕಿ ಬಂದು ಈ ಶನಿವಾರ ಆಗುತ್ತದೆಯೇ ಎಂದು ಕೇಳುತ್ತಿದ್ದಳು. ನಾನು ಹುರುಪಿನಿಂದ, ಪ್ರತಿ ಪದವನ್ನೂ ಬಿಡಿಸಿ "ಐ ಕ್ಯಾನ್ ಕಮ್" ಎನ್ನುತ್ತಿದ್ದೆ. ಅವಳು ತಲೆಯಾಡಿಸಿ ಹೋಗುತ್ತಿದ್ದಳು. ಪಟ್ಟಿಯಲ್ಲಿ ಬೇರೆಯವರ ಹೆಸರು ಬರುತ್ತಿತ್ತು. ಮುಂದಿನ ಬಾರಿ ಇನ್ನೂ ಒತ್ತಿ "ಐ ಕ್ಯಾನ್" ಎಂದೆ, ಮತ್ತೆ ಅದೇ. ಆ ಚಳಿಗಾಲವಿಡೀ ನನ್ನ ಮೈಬಣ್ಣವನ್ನು ನೋಡಿ ಹೀಗೆ ಮಾಡುತ್ತಿದ್ದಾರೆ ಎಂದೇ ನಂಬಿದ್ದೆ. ಅಮ್ಮನಿಗೆ ಫೋನಿನಲ್ಲಿ ಹೇಳಿಕೊಂಡು ಅತ್ತೆ. ಅಮ್ಮ, "ಹಾಸನದಲ್ಲೇ ಏನಾದರೂ ಕೆಲಸ ಸಿಗುತ್ತಿತ್ತಲ್ಲ" ಎಂದರು. ಕೊನೆಗೆ ಪಕ್ಕದ ಬೆಂಚಿನವಳು ಊಟದ ಹೊತ್ತಿನಲ್ಲಿ, "ನೀನು ಶನಿವಾರ ಬರುವುದಿಲ್ಲ ಎಂದೇ ಯಾವಾಗಲೂ ಹೇಳುತ್ತೀಯಲ್ಲ, ಮನೆಯಲ್ಲಿ ಪೂಜೆಯೋ?" ಎಂದು ಕೇಳಿದಳು.

ಆಗಿದ್ದು ಇಷ್ಟು. ಅಮೆರಿಕದಲ್ಲಿ "ಆಗುವುದಿಲ್ಲ" ಎನ್ನುವ "ಕ್ಯಾಂಟ್" ಪದದ ಕೊನೆಯ ಟಕಾರ ಎಷ್ಟೋ ಸಲ ಬಾಯಿಯಿಂದ ಹೊರಗೆ ಬರುವುದೇ ಇಲ್ಲ. ನಾಲಿಗೆ ಅಲ್ಲಿಗೆ ಹೋಗಿ ತಡೆದು ನಿಲ್ಲುತ್ತದೆ. ಹಾಗಿದ್ದರೆ ಹೌದು, ಇಲ್ಲ ಎಂಬುದನ್ನು ಕೇಳುವವರು ಹೇಗೆ ಗುರುತಿಸುತ್ತಾರೆ? ಸ್ವರದಿಂದ. "ಬರುತ್ತೇನೆ" ಎನ್ನುವಾಗ "ಕ್ಯಾನ್" ಸೊರಗಿ "ಕನ್" ಆಗುತ್ತದೆ, ಒತ್ತು ಮುಂದಿನ "ಕಮ್" ಮೇಲೆ ಬೀಳುತ್ತದೆ. "ಬರುವುದಿಲ್ಲ" ಎನ್ನುವಾಗ ಮಾತ್ರ ಆ ಸ್ವರ ಪೂರ್ತಿಯಾಗಿ, ಬಾಯಿ ತೆರೆದು ಬರುತ್ತದೆ. ನಾನು ಒತ್ತಿ ಒತ್ತಿ ಹೇಳಿದಷ್ಟೂ ಒಲ್ಲೆ, ಒಲ್ಲೆ ಎಂದಂತಾಗುತ್ತಿತ್ತು. ಬ್ರಿಟನ್ನಿನಲ್ಲಿರುವ ನನ್ನ ಚಿಕ್ಕಪ್ಪನ ಮಗನಿಗೆ ಈ ಗೋಳಿಲ್ಲ. ಅಲ್ಲಿ "ಆಗುವುದಿಲ್ಲ" ಎಂಬುದು "ಕಾಂಟ್" ಎಂದು ದೀರ್ಘವಾಗಿಯೇ ಕೇಳಿಸುತ್ತದೆ.

ನೀನು ಹೀಗೆ ಮಾಡು. ವಾಕ್ಯದ ನಡುವೆ "ಕನ್" ಎಂದು ಹಾರಿಸಿ ಮುಂದಿನ ಕ್ರಿಯಾಪದಕ್ಕೆ ಒತ್ತು ಕೊಡು. ವಾಕ್ಯದ ಕೊನೆಯಲ್ಲಿ ಬಂದರೆ, "ಯೆಸ್, ಐ ಕ್ಯಾನ್" ಎನ್ನುವ ಹಾಗೆ, ಪೂರ್ತಿಯಾಗಿಯೇ ಹೇಳಬೇಕು. ಆಗುವುದಿಲ್ಲ ಎನ್ನಬೇಕಾದಾಗ "ಕ್ಯಾನಾಟ್" ಎಂದು ಬಿಡಿಸಿ ಹೇಳು. ಸ್ವಲ್ಪ ಪುಸ್ತಕದ ಮಾತಿನಂತೆ ಕೇಳಿಸಿದರೂ ಯಾರ ಪಾಳಿಯೂ ತಪ್ಪುವುದಿಲ್ಲ. ಮುಖ್ಯವಾದ ವಿಷಯವಾಗಿದ್ದರೆ ಹಿಂದೆಯೇ ಮಿಂಚಂಚೆಯಲ್ಲಿ ಒಂದು ಸಾಲು ಬರೆದು ಹಾಕು.

ಮೈಬಣ್ಣ ನೋಡುವವರು ಇಲ್ಲವೇ ಇಲ್ಲ ಎಂದು ಇದನ್ನು ಅರ್ಥಮಾಡಿಕೊಳ್ಳಬೇಡ. ಇದ್ದಾರೆ, ನಿನಗೂ ಸಿಗುತ್ತಾರೆ. ನಿನ್ನ ಮಾತು ಅರ್ಥವಾದರೂ ಆಗಲಿಲ್ಲವೆಂಬಂತೆ ಮುಖ ಮಾಡುವವರನ್ನು ಗುರುತಿಸಲು ಸ್ವಲ್ಪ ಕಾಲ ಬೇಕು. ಅಂಥವರ ಮುಂದೆ ಉಚ್ಚಾರವನ್ನು ತಿದ್ದಿಕೊಳ್ಳುವ ಶ್ರಮ ಬೇಡ. ಆದರೆ ಆ ಮೇಲ್ವಿಚಾರಕಿ ಅಂಥವಳಾಗಿರಲಿಲ್ಲ. ಅವಳು ನಿವೃತ್ತಳಾಗುವವರೆಗೂ ನಾವು ಚೆನ್ನಾಗಿಯೇ ಇದ್ದೆವು.

ಫೋನಿನಲ್ಲಿ ಹೆಸರನ್ನು ಅಕ್ಷರ ಅಕ್ಷರವಾಗಿ ಹೇಳಬೇಕಾದಾಗ ಬೇರೊಂದು ತೊಂದರೆ. ಎಕಾರದ ಮುಂದೆ ಯಕಾರ, ಒಕಾರದ ಮುಂದೆ ವಕಾರ ತಾನಾಗಿ ಬಂದು ಸೇರುವುದು ಕನ್ನಡದ ಬಾಯಿಯ ಗುಣ. ಹಾಸನದ ಬಸ್ಸಿನಲ್ಲಿ "ಯನ್ನಾರ್ ಸರ್ಕಲ್" ಎಂದೇ ಇಳಿಯುತ್ತೇವೆ, ಇಸ್ರೊದ ನಿಯಂತ್ರಣ ಕೇಂದ್ರ ಎಂಸಿಎಫ್ ಕೂಡ ನಮಗೆ "ಯಂಸಿಯಫ್" ತಾನೆ. ಇಲ್ಲಿ "ಯಮ್" ಎಂದರೆ ಯಾವ ಅಕ್ಷರವೆಂದು ತಡವರಿಸುತ್ತಾರೆ. "ಹೆಚ್" ಎಂದರೂ ಅಷ್ಟೆ, ಇವರಿಗೆ ಅದು "ಏಚ್". "ಮೇರಿಯ ಎಮ್, ನ್ಯಾನ್ಸಿಯ ಎನ್" ಎಂದು ಹೇಳುವುದು ಇಲ್ಲಿಯವರದೇ ರೂಢಿ, ನಾಚಿಕೆ ಬೇಡ. ಲ್ಯಾಬಿನಿಂದ ವಾರ್ಡಿಗೆ ಅಪಾಯದ ಮಟ್ಟದ ಫಲಿತಾಂಶವನ್ನು ಫೋನಿನಲ್ಲಿ ತಿಳಿಸುವಾಗ ಆ ಕಡೆಯವರು ಅಂಕಿಯನ್ನು ತಿರುಗಿ ಓದಿ ಹೇಳಲೇಬೇಕು. ಇಂಗ್ಲಿಷ್ ತಾಯ್ನುಡಿಯವರಿಗೂ ಅದೇ ನಿಯಮ, ಯಾಕೆಂದರೆ ಹದಿನೈದು ಮತ್ತು ಐವತ್ತು ಅವರ ಕಿವಿಯಲ್ಲೂ ಬೆರೆತುಹೋಗುತ್ತವೆ. ನಾನು "ಒನ್, ಫೈವ್" ಎಂದು ಅಂಕಿಗಳನ್ನು ಬಿಡಿಯಾಗಿ ಹೇಳುತ್ತೇನೆ.

ಉಚ್ಚಾರ ತಿದ್ದುವ ತರಗತಿಗೆ ದುಡ್ಡು ಕೊಟ್ಟು ಸೇರಬೇಕೇ ಎಂದಿದ್ದೀಯ. ಬೇಡ. ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯ ಮಾತಿನ ಭಾಗದಲ್ಲಿ ಒಳ್ಳೆಯ ಅಂಕ ಬಂದಿದ್ದರೂ ಹೀಗಾಯಿತಲ್ಲ ಎಂದು ಕೊರಗುವುದೂ ಬೇಡ. ಅದು 11ರಿಂದ 14 ನಿಮಿಷದ ಪರೀಕ್ಷೆ, ಎದುರಿಗೆ ಕೂತವರು ನಮ್ಮ ಮಾತಿಗೆ ಕಿವಿಗೊಡಲೆಂದೇ ಸಂಬಳ ಪಡೆಯುವವರು. ಕಾಫಿ ಅಂಗಡಿಯ ಹುಡುಗನಿಗೆ ಆ ಸಂಬಳವಿಲ್ಲ. ಸ್ಥಳೀಯ ರೇಡಿಯೊವನ್ನು ಅಡುಗೆ ಮಾಡುವಾಗ ಹಾಕಿಕೊಂಡಿರು, ಸಾಕು. ಆರು ವಾರಗಳಲ್ಲೇ ರಕಾರವನ್ನು ಸುರುಳಿ ಸುತ್ತಲು ಕಲಿಯುವ ನಮ್ಮವರನ್ನೂ ನೋಡುತ್ತೀಯ, ಕನ್ನಡ ಕೂಟದ ಯುಗಾದಿ ಊಟದಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ. ಅವರಿಂದ ಏನನ್ನೂ ಕಲಿಯಬೇಡ, ಒಬ್ಬಟ್ಟು ಬಡಿಸಿದರೆ ಮಾತ್ರ ಹಾಕಿಸಿಕೋ. ನಿನ್ನ ಹೆಸರನ್ನು ಎರಡಕ್ಷರಕ್ಕೆ ಕತ್ತರಿಸಿ ಕೊಡಬೇಡ. ಇವರ ಚಿಕ್ಕ ಪದಗಳನ್ನು ನಾವು ಕಲಿಯಬಹುದಾದರೆ ನಮ್ಮ ಹೆಸರುಗಳನ್ನು ಇವರೂ ಕಲಿಯಬಹುದು.

ಇದನ್ನೆಲ್ಲ ಇಷ್ಟು ಉದ್ದ ಬರೆಯುವುದಕ್ಕೆ ಇನ್ನೊಂದು ಕಾರಣವಿದೆ. ನನ್ನ ಮಗಳು ಇಲ್ಲೇ ಹುಟ್ಟಿದವಳು. ಚಿಕ್ಕ ಪದಗಳನ್ನು ನುಂಗುವುದು ಅವಳಿಗೆ ಹುಟ್ಟಿನಿಂದಲೇ ಬಂದಿದೆ. ಕನ್ನಡವನ್ನೂ ಆಡುತ್ತಾಳೆ, ಆದರೆ ಒತ್ತಕ್ಷರ ಅವಳ ನಾಲಿಗೆಯಲ್ಲಿ ನಿಲ್ಲುವುದಿಲ್ಲ. ಒಂದೇ ಪದದೊಳಗೆ ವ್ಯಂಜನವನ್ನು ಹಿಡಿದು ಇಮ್ಮಡಿಯಾಗಿ ಹೇಳುವುದು ಇಂಗ್ಲಿಷಿನಲ್ಲಿ ಇಲ್ಲವೆನ್ನುವಷ್ಟು ಅಪರೂಪ. "ಅಕಿ ರೊಟಿ" ಎನ್ನುತ್ತಾಳೆ, "ಅಜಿ" ಎನ್ನುತ್ತಾಳೆ. ಊರಿಗೆ ಹೋದಾಗ ಬಸ್ ನಿಲ್ದಾಣದ ಹತ್ತಿರ ನಿಂತಿದ್ದ ಕತ್ತೆಯನ್ನು ತೋರಿಸಿ "ಅಲ್ಲೊಂದು ಕತೆ" ಎಂದಳು. ಅಮ್ಮ ನಗುನಗುತ್ತಾ ಕಣ್ಣೊರೆಸಿಕೊಂಡರು, ನಾನೂ ನಕ್ಕೆ. ಆಮೇಲೆ ಅಮ್ಮ ಅವಳಿಗೆ ರಾತ್ರಿ ಕಥೆ ಹೇಳುವುದನ್ನು ನಿಲ್ಲಿಸಿದರು. ಅರ್ಥವಾಗುವುದಿಲ್ಲ ಪಾಪ, ಎಂದರು. ಅರ್ಥವಾಗುತ್ತಿತ್ತು. ಉತ್ತರ ಕೊಡುವಾಗ ಮಾತ್ರ ತಡವರಿಸುತ್ತಿದ್ದಳು. ನನ್ನದು ರಾತ್ರಿ ಪಾಳಿ, ಅವಳದು ಡೇಕೇರ್. ಕನ್ನಡದ ಸದ್ದು ಅವಳ ಕಿವಿಗೆ ಬೀಳಬೇಕಾದ ಹೊತ್ತಿನಲ್ಲಿ ಮನೆಯಲ್ಲಿ ಮಾತನಾಡಲು ಯಾರೂ ಇರಲಿಲ್ಲ. ಈಗ ಕನ್ನಡ ಕೂಟದ ಮಕ್ಕಳ ತರಗತಿಗೆ ಕಳಿಸುತ್ತೇನೆ. ಅಕ್ಷರಗಳನ್ನು ಚೆನ್ನಾಗಿ ಬರೆಯುತ್ತಾಳೆ, ಒತ್ತು ಕೂಡ ಬರೆಯುತ್ತಾಳೆ, ಓದುವಾಗ ಅದು ಬಿದ್ದುಹೋಗುತ್ತದೆ. ನಿನಗೆ ಇದು ಈಗ ಸಂಬಂಧವಿಲ್ಲದ ಮಾತು. ಇಲ್ಲೇ ನಿಂತರೆ ಮುಂದೆ ಬೇಕಾಗುತ್ತದೆ.

ನಿನ್ನ ಮೊದಲ ಮಂಡನೆ ಮುಂದಿನ ವಾರವಲ್ಲವೇ? ಭಾನುವಾರ ಮಧ್ಯಾಹ್ನ ಎರಡರ ಮೇಲೆ ಕರೆ ಮಾಡಿ ನನಗೆ ಪೂರ್ತಿ ಓದಿ ಹೇಳು. "ಕ್ಯಾನ್" ಮತ್ತು "ಆಫ್" ಬಂದಲ್ಲೆಲ್ಲ ನಿಲ್ಲಿಸುತ್ತೇನೆ, ಬೇಸರಿಸಿಕೊಳ್ಳಬೇಡ. ಬರೆದದ್ದನ್ನು ನೋಡಿ ಓದಬೇಡ. ನೋಡಿ ಓದಿದರೆ ಕಣ್ಣಿಗೆ ಕಂಡ ಅಕ್ಷರವನ್ನೆಲ್ಲ ಬಾಯಿ ಹೇಳಿಬಿಡುತ್ತದೆ. ಮೂಡಿಗೆರೆಗೆ ಮಾತನಾಡುವುದಿದ್ದರೆ ಅದಕ್ಕೂ ಮುಂಚೆ ಮುಗಿಸಿಬಿಡು, ನಮ್ಮ ಮಾತು ಮುಗಿಯುವ ಹೊತ್ತಿಗೆ ಅಲ್ಲಿ ಮಧ್ಯರಾತ್ರಿ ದಾಟಿರುತ್ತದೆ.